ಮೂಸಲು ಬಿಡಿ

ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನ ಯಾವ ಲೇಔಟ್‌ನಲ್ಲಿ ನಿಂತರೂ ಇದು ಕಣ್ಣಿಗೆ ಬೀಳುತ್ತದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನಾಯಿಯ ಹಗ್ಗ. ನಾಯಿ ಲೈಟ್ ಕಂಬದ ಬುಡಕ್ಕೆ ಮೂಗು ಇಟ್ಟ ಕೂಡಲೇ "ಬಾ ಬಾ, ಲೇಟಾಯ್ತು" ಎಂದು ಒಂದು ಎಳೆತ. ಹತ್ತು ಹೆಜ್ಜೆ ಮುಂದೆ ಹೊಂಗೆ ಮರ, ಅಲ್ಲೂ ಇನ್ನೊಂದು ಎಳೆತ. ಒಂದ-ಎರಡ ಮುಗಿದ ತಕ್ಷಣ ವಾಪಸ್ ಗೇಟಿನೊಳಗೆ. ನಾಯಿಯ ವಾಕಿಂಗ್ ಆಯಿತು ಎಂದು ಲೆಕ್ಕ.

ಸೋಫಾ ಹರಿಯುತ್ತದೆ, ಬೆಲ್ ಆದರೆ ಬಾಯಿ ಮುಚ್ಚುವುದಿಲ್ಲ, ಸಂಜೆಯಾದರೆ ಹುಚ್ಚು ಹಿಡಿದಂತೆ ಹಾಲ್ ತುಂಬಾ ಓಡುತ್ತದೆ, ರಸ್ತೆಯಲ್ಲಿ ಕೈ ಕಿತ್ತುಬರುವ ಹಾಗೆ ಎಳೆಯುತ್ತದೆ: ಫ್ಲ್ಯಾಟ್‌ನಲ್ಲಿ ನಾಯಿ ಸಾಕಿದವರ ದೂರುಗಳು ಬಹುಪಾಲು ಇವೇ. ಟ್ರೈನರ್‌ಗೆ ಫೋನ್ ಮಾಡುವ ಮೊದಲು ಈ ವಾಕಿಂಗನ್ನು ಸರಿಮಾಡಿ ನೋಡಬೇಕು. ಎಲ್ಲ ತೊಂದರೆಗೂ ಇದೇ ಮದ್ದು ಎಂದಲ್ಲ. ಆದರೆ ವಾಕಿಂಗ್ ಕೆಟ್ಟಿರುವಾಗ ಬೇರೆ ಯಾವ ತರಬೇತಿಯೂ ನಿಲ್ಲುವುದಿಲ್ಲ.

ಎರಡು ಬೆಡ್‌ರೂಮಿನ ಮನೆಯಲ್ಲಿರುವ ನಾಯಿಗೆ ದಿನವಿಡೀ ಅದೇ ಗೋಡೆ, ಅದೇ ಫಿನಾಯಿಲ್ ವಾಸನೆ. ಹೊರಗಿನ ಲೋಕ ಅದಕ್ಕೆ ಸಿಗುವುದು ಆ ಅರ್ಧ ಗಂಟೆಯಲ್ಲಿ, ಅದೂ ಮೂಗಿನ ಮೂಲಕ. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಮೂಗಿನಲ್ಲಿ ಸುಮಾರು 50 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿ ದಾಟುತ್ತವೆ. ಕಂಬದ ಬುಡಕ್ಕೆ ಬಗ್ಗಿದ ನಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊಳ್ಳೆಗಳು ಸೆಕೆಂಡಿಗೆ ನಾಲ್ಕೈದು ಸಲ ಅದುರುತ್ತವೆ. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ನಡುವೆ ಒಮ್ಮೆ ಪೂರ್ತಿ ನಿಂತು, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಹಲ್ಲು ಕಟಕಟ ಎನ್ನಿಸುತ್ತದೆ. ಮೇಲಂಗುಳಿನ ಮುಂಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ವಾಸನೆಯನ್ನು ತಲುಪಿಸುವ ರೀತಿ ಅದು. ರಾತ್ರಿ ಇಲ್ಲಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಎಂಬುದೆಲ್ಲ ಅಲ್ಲಿ ತಿಳಿಯುತ್ತಿರುತ್ತದೆ. ಆ ಹೊತ್ತಿನಲ್ಲೇ ನಾವು ಎಳೆಯುತ್ತೇವೆ.

ಮೂಸುವುದು ಮಿದುಳಿಗೆ ದೊಡ್ಡ ಕೆಲಸ. ಇಪ್ಪತ್ತು ನಿಮಿಷ ಮನಸಾರೆ ಮೂಸಿ ಬಂದ ನಾಯಿ ಮನೆಗೆ ಬಂದು ನೀರು ಕುಡಿದು ಮಲಗುತ್ತದೆ. ಅದೇ ಇಪ್ಪತ್ತು ನಿಮಿಷ ಪಕ್ಕದಲ್ಲೇ ದರದರ ನಡೆಸಿಕೊಂಡು ಬಂದರೆ ಮನೆಗೆ ಬಂದ ಮೇಲೂ ಚಡಪಡಿಕೆ ಉಳಿದಿರುತ್ತದೆ. ಹಾಗಾಗಿ ನಲವತ್ತು ನಿಮಿಷದ ವಾಕಿಂಗ್ ಆದರೆ ಅರ್ಧದಷ್ಟನ್ನಾದರೂ ನಾಯಿಯ ಮೂಗಿಗೆ ಬಿಟ್ಟುಬಿಡಿ. ಆ ಹೊತ್ತು ದಾರಿ ಅದರದ್ದು, ವೇಗವೂ ಅದರದ್ದು. ಅದು ನಿಂತರೆ ನಿಲ್ಲಿ. ಮೂಸಲು ಬಿಡುವಾಗ ಒಂದೇ ಮಾತು, ಉದಾಹರಣೆಗೆ "ಹೋಗು, ನೋಡು". ಹೊರಡುವಾಗ ಒಂದೇ ಮಾತು, "ನಡಿ". ಮನೆಯವರೆಲ್ಲ ಅದನ್ನೇ ಹೇಳಬೇಕು. ಅಜ್ಜಿ ಒಂದು, ಮಕ್ಕಳು ಇನ್ನೊಂದು ಹೇಳಿದರೆ ನಾಯಿ ಎರಡನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಂಪೌಂಡ್ ಇರುವ ಖಾಲಿ ಸೈಟ್ ಸಿಕ್ಕಿದರೆ 5 ಮೀಟರ್ ಉದ್ದದ ಹಗ್ಗ ಕಟ್ಟಿ ಬಿಡಬಹುದು. ಬಿಡುವ ಮೊದಲು ಗಾಜಿನ ಚೂರು, ಕೋಳಿ ಮೂಳೆ ಇದೆಯೇ ಎಂದು ಒಂದು ಸುತ್ತು ನೋಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಇನ್ನು ಬೆಲ್ಟ್, ಹಗ್ಗದ ವಿಷಯ. ಹಗ್ಗ ಒಂದೂವರೆಯಿಂದ 1.8 ಮೀಟರ್ ಇದ್ದರೆ ಸಾಕು, ನೈಲಾನ್ ಅಥವಾ ಹತ್ತಿಯದ್ದು. ಗುಂಡಿ ಒತ್ತಿದರೆ ಉದ್ದವಾಗುವ, ಡಬ್ಬಿಯೊಳಗೆ ಸುತ್ತಿಕೊಳ್ಳುವ ಹಗ್ಗ ಬೆಂಗಳೂರಿನ ರಸ್ತೆಗೆ ಬೇಡವೇ ಬೇಡ. ಸ್ಕೂಟರ್ ಬಂದಾಗ ಲಾಕ್ ಒತ್ತುವಷ್ಟರಲ್ಲಿ ನಾಯಿ ರಸ್ತೆಯ ನಡುವೆ ಇರುತ್ತದೆ. ಜೊತೆಗೆ ಆ ಹಗ್ಗದ ಎಳೆತ ಸದಾ ಕುತ್ತಿಗೆಯ ಮೇಲೆ ಇರುವುದರಿಂದ ಎಳೆದರೆ ಹಗ್ಗ ಉದ್ದವಾಗುತ್ತದೆ ಎಂಬ ಪಾಠವನ್ನೂ ಅದೇ ಕಲಿಸುತ್ತದೆ. ಬಿಗಿದುಕೊಳ್ಳುವ ಚೋಕ್ ಚೈನು, ಮುಳ್ಳಿನ ಬೆಲ್ಟು ನೋವಿನಿಂದ ಕೆಲಸ ಮಾಡುವ ಸಾಧನಗಳು. ಪಗ್, ನಾವು ಪಾಮೇರಿಯನ್ ಎಂದು ಕರೆಯುವ ಸ್ಪಿಟ್ಜ್, ಶಿಟ್ಜು ಮುಂತಾದ ಸಣ್ಣ ನಾಯಿಗಳ ಶ್ವಾಸನಾಳ ಸೂಕ್ಷ್ಮ; ಕುತ್ತಿಗೆಗೆ ಬೀಳುವ ಎಳೆತದಿಂದ ಒಣಕೆಮ್ಮು ಶುರುವಾಗಬಹುದು. ಅವಕ್ಕೆ ಎದೆ-ಬೆನ್ನಿಗೆ ಸುತ್ತಿ ಹಾಕುವ ಹಾರ್ನೆಸ್ಸೇ ಸರಿ.

ಹಾರ್ನೆಸ್ ಆರಿಸುವಾಗ ಎದೆಯ ಭಾಗ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿದೆಯೇ ನೋಡಿ. ಭುಜದ ಮೇಲೆ ಅಡ್ಡಪಟ್ಟಿ ಬರುವಂಥದ್ದು ಮುಂಗಾಲಿನ ಚಲನೆಯನ್ನು ತಡೆಯುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು, ಮೂರು ಹೋದರೆ ಸಡಿಲ. ಕಂಕುಳಿಂದ ಎರಡು ಬೆರಳು ಹಿಂದೆ ಪಟ್ಟಿ ಇರಬೇಕು, ಇಲ್ಲವಾದರೆ ಅಲ್ಲಿ ಉಜ್ಜಿ ಕೂದಲು ಉದುರಿ ಗಾಯವಾಗುತ್ತದೆ. ಮರಿಗಳಿಗೆ ವಾರ ವಾರವೂ ಸಡಿಲಿಸಬೇಕು. ಮುಧೋಳ ನಾಯಿ, ನಮ್ಮ ಬೀದಿಯ ನಾಟಿ ನಾಯಿ, ಇವುಗಳ ತಲೆ ಕುತ್ತಿಗೆಗಿಂತ ಬಹಳ ಅಗಲ ಇರುವುದಿಲ್ಲ. ಬೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟ್ ಕಿವಿಯ ಮೇಲಿಂದ ಕಳಚಿ ಕೈಯಲ್ಲಿ ಉಳಿಯುತ್ತದೆ. ಅವಕ್ಕೆ ಒಂದು ಮಿತಿಯವರೆಗೆ ಮಾತ್ರ ಬಿಗಿಯುವ ಮಾರ್ಟಿಂಗೇಲ್ ಬೆಲ್ಟ್ ಹಾಕಿ, ಅಥವಾ ಹಾರ್ನೆಸ್ಸನ್ನೂ ಬೆಲ್ಟನ್ನೂ ಒಂದು ಸಣ್ಣ ಕೊಂಡಿಯಿಂದ ಜೋಡಿಸಿ. ಒಂದು ಕಳಚಿದರೂ ಇನ್ನೊಂದು ಹಿಡಿಯುತ್ತದೆ. ಹಗ್ಗದ ಕೊಕ್ಕೆಯ ಸ್ಪ್ರಿಂಗ್ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತಾನಾಗಿ ಪೂರ್ತಿ ಮುಚ್ಚುತ್ತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಇರಲಿ.

ನಾಯಿ ಏಕೆ ಎಳೆಯುತ್ತದೆ? ಎಳೆದರೆ ಮುಂದೆ ಹೋಗಬಹುದು ಎಂದು ನಾವೇ ಕಲಿಸಿದ್ದೇವೆ. ಅದು ಎಳೆಯಿತು, ನಾವು ಹಿಂದೆ ಹೋದೆವು, ಮರ ಸಿಕ್ಕಿತು. ಅದರ ಸಹಜ ನಡಿಗೆ ನಮ್ಮದಕ್ಕಿಂತ ಚುರುಕು ಎನ್ನುವುದೂ ಇದೆ. ಇದನ್ನು ತಿದ್ದುವ ಕೆಲಸ ರಸ್ತೆಯಲ್ಲಿ ಶುರುವಾಗಬಾರದು, ಮನೆಯ ಹಾಲ್‌ನಲ್ಲಿ ಆಗಬೇಕು. ಬೇಯಿಸಿದ ಉಪ್ಪಿಲ್ಲದ ಕೋಳಿ ಅಥವಾ ಪನೀರನ್ನು ಬಟಾಣಿ ಕಾಳಿನ ಗಾತ್ರಕ್ಕೆ ಕತ್ತರಿಸಿ ಒಂದು ಹಿಡಿ ಇಟ್ಟುಕೊಳ್ಳಿ. ನಾಯಿ ಎಡಗಡೆ ಇದ್ದರೆ ತಿಂಡಿ ಎಡಗೈಯಲ್ಲಿ, ಹಗ್ಗ ಬಲಗೈಯಲ್ಲಿ. ಒಂದು ಹೆಜ್ಜೆ ಇಡಿ, ನಾಯಿ ಪಕ್ಕದಲ್ಲಿದ್ದರೆ "ಭೇಷ್" ಎಂದು ಹೇಳಿ ಪ್ಯಾಂಟಿನ ಹೊಲಿಗೆಯ ಪಕ್ಕದಲ್ಲೇ ತಿಂಡಿ ಕೊಡಿ. ಆಮೇಲೆ ಎರಡು ಹೆಜ್ಜೆಗೆ ಒಂದು, ನಾಲ್ಕಕ್ಕೆ ಒಂದು, ಹತ್ತಕ್ಕೆ ಒಂದು. ಬಹಳ ಜನ ಬಲಗೈಯಿಂದ ಹೊಟ್ಟೆಯ ಮುಂದೆ ತಂದು ಕೊಡುತ್ತಾರೆ. ಆಗ ನಾಯಿ ಕಾಲಿಗೆ ಅಡ್ಡ ಬಂದು ನಿಲ್ಲುವುದನ್ನು ಕಲಿಯುತ್ತದೆ, ಮುಗ್ಗರಿಸುವುದು ನಾವು. ತಿಂಡಿ ಎಲ್ಲಿ ಸಿಗುತ್ತದೋ ನಾಯಿ ಅಲ್ಲಿರುತ್ತದೆ, ಅಷ್ಟೇ ಸರಳ.

ಐದು ನಿಮಿಷ, ದಿನಕ್ಕೆ ಮೂರು ಸಲ. ಹಾಲ್‌ನಲ್ಲಿ ಸರಿಯಾದ ಮೇಲೆ ಕಾರಿಡಾರ್, ಆಮೇಲೆ ಕೆಳಗಿನ ಪಾರ್ಕಿಂಗ್, ಆಮೇಲೆ ಗೇಟಿನ ಹೊರಗಿನ ಸದ್ದಿಲ್ಲದ ಅಡ್ಡರಸ್ತೆ. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡಿ. ಜಗ್ಗಬೇಡಿ, ಬೈಯಬೇಡಿ, ಸುಮ್ಮನೆ ನಿಲ್ಲಿ. ನಾಯಿ ತಿರುಗಿ ನೋಡಿದರೆ, ಹಗ್ಗ ಸಡಿಲವಾದರೆ, ಮತ್ತೆ ಹೆಜ್ಜೆ ಇಡಿ. ಮೊದಲ ದಿನಗಳಲ್ಲಿ ಗೇಟಿನಿಂದ ಮೂರನೇ ಮನೆ ತಲುಪುವುದಕ್ಕೇ ಕಾಲು ಗಂಟೆ ಬೇಕಾಗುತ್ತದೆ. ಆಫೀಸಿಗೆ ಹೊತ್ತಾದ ದಿನ ಇದನ್ನು ಮಾಡಬೇಡಿ. ಅಂದು ಹಾರ್ನೆಸ್‌ನ ಎದೆಯ ಕೊಂಡಿಗೆ ಹಗ್ಗ ಹಾಕಿ ಹೋಗಿಬನ್ನಿ. ಕಲಿಕೆಯ ದಿನ ಬೆನ್ನಿನ ಕೊಂಡಿ, ಕಲಿಕೆಯಿಲ್ಲದ ದಿನ ಎದೆಯ ಕೊಂಡಿ. ನಾಯಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಕೆಲಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಒಬ್ಬರು ನಿಲ್ಲುತ್ತಾರೆ, ಇನ್ನೊಬ್ಬರು ಎಳೆಸಿಕೊಂಡು ಹೋಗುತ್ತಾರೆ. ಹತ್ತರಲ್ಲಿ ಎರಡು ಸಲ ಎಳೆತಕ್ಕೆ ಫಲ ಸಿಕ್ಕರೂ ನಾಯಿ ಇನ್ನಷ್ಟು ಹಟದಿಂದ ಎಳೆಯುತ್ತದೆ. ಸಂಬಳ ಕೊಟ್ಟು ವಾಕರ್ ಇಟ್ಟಿದ್ದರೆ ಅವರಿಗೂ ಇದನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡಿ. ಒಬ್ಬರೇ ಐದಾರು ನಾಯಿ ಹಿಡಿದು ನಡೆಸುವವರಿಗೆ ನಿಮ್ಮ ನಾಯಿಯನ್ನು ಕೊಡಬೇಡಿ. ಅಲ್ಲಿ ಯಾವ ನಾಯಿಗೂ ಮೂಸಲು ಹೊತ್ತಿಲ್ಲ, ಜಗಳವಾದರೆ ಬಿಡಿಸಲು ಕೈಯೂ ಇಲ್ಲ. ತಿಂಡಿಯ ಲೆಕ್ಕ ಮರೆಯಬೇಡಿ: ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬಿದ್ದ ಪಲ್ಯ ಎಂದೂ ಬೇಡ.

ಲಿಫ್ಟ್ ಬಗ್ಗೆ ಎರಡು ಮಾತು. ನಾಯಿ ಲಿಫ್ಟ್ ಬಳಸಬಾರದು, ಅಪಾರ್ಟ್‌ಮೆಂಟ್‌ನಲ್ಲಿ ನಾಯಿ ಇರಬಾರದು ಎಂದು ನಿವಾಸಿಗಳ ಸಂಘ ನಿಯಮ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಕ್ಕು ಇದೆ ಎಂದು ನಾಯಿಗೆ ಹೆದರುವವರ ಮೇಲೆ ಹೇರುವುದು ಬೇಡ. ಒಳಗೆ ಯಾರಾದರೂ ಹಿಂಜರಿದರೆ ಮುಂದಿನ ಲಿಫ್ಟ್‌ಗೆ ಕಾಯಿರಿ. ನಾಯಿಯನ್ನು ಮೂಲೆಗೆ ಬಿಟ್ಟು, ಬಾಗಿಲಿಗೂ ಅದಕ್ಕೂ ನಡುವೆ ನೀವು ನಿಲ್ಲಿ, ನಾಲ್ಕು ಚೂರು ತಿಂಡಿಯನ್ನು ಮೂಲೆಯ ನೆಲಕ್ಕೆ ಹಾಕಿ. ಬಾಗಿಲು ತೆರೆದಾಗ ಹೊರಗಿರುವ ಮಗುವಿನ ಮೇಲೆ ನೆಗೆಯುವ ಬದಲು ಅದರ ಮೂಗು ನೆಲದಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯ: ನಾಯಿ ಪೂರ್ತಿ ಒಳಗೆ ಬಂದಿದೆ, ಹಗ್ಗ ಬಾಗಿಲಿನ ಸಾಲಿನಲ್ಲಿ ಇಲ್ಲ ಎಂದು ಕಣ್ಣಾರೆ ನೋಡಿದ ಮೇಲೇ ಗುಂಡಿ ಒತ್ತಿ. ಫೋನ್ ನೋಡುತ್ತಾ ನೀವು ಒಳಗೆ, ನಾಯಿ ಹೊರಗೆ, ಹಗ್ಗ ನಡುವೆ ಸಿಕ್ಕಿಕೊಂಡು ಲಿಫ್ಟ್ ಹೊರಟರೆ ಕೆಲವೇ ಸೆಕೆಂಡಿನಲ್ಲಿ ಜೀವ ಹೋಗುತ್ತದೆ.

ಬೆಂಗಳೂರಿನಲ್ಲಿ ವಾಕಿಂಗ್ ಎಂದರೆ ಬೀದಿ ನಾಯಿಗಳ ಮಾತು ಬಂದೇ ಬರುತ್ತದೆ. ಆ ಕ್ರಾಸು ಅವುಗಳ ಮನೆ. ನಾವು ದಿನಕ್ಕೆ ಎರಡು ಸಲ ಒಂದು ಅಪರಿಚಿತ ನಾಯಿಯನ್ನು ಅವುಗಳ ಮನೆಯ ನಡುವಿನಿಂದ ಕರೆದೊಯ್ಯುತ್ತಿದ್ದೇವೆ. ಇದನ್ನು ಒಪ್ಪಿಕೊಂಡರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಯಾವ ಮೂಲೆಯಲ್ಲಿ ಎಷ್ಟು ನಾಯಿ, ಯಾರು ಯಾವ ಹೊತ್ತಿಗೆ ಅನ್ನ ಹಾಕುತ್ತಾರೆ, ಕೋಳಿ ಅಂಗಡಿ ಎಷ್ಟಕ್ಕೆ ಮುಚ್ಚುತ್ತದೆ ಎಂದು ತಿಳಿದುಕೊಳ್ಳಿ. ಊಟದ ಹೊತ್ತಿನಲ್ಲಿ, ಮರಿ ಹಾಕಿದ ತಾಯಿ ಇರುವ ಜಾಗದಲ್ಲಿ ಹಾಯಬೇಡಿ. ಪ್ರತಿದಿನ ಅದೇ ಹೊತ್ತು, ಅದೇ ದಾರಿ ಹಿಡಿದರೆ ಕೆಲವು ವಾರಗಳಲ್ಲಿ ಅವೂ ನಿಮ್ಮ ನಾಯಿಯನ್ನು ಗುರುತು ಹಿಡಿಯುತ್ತವೆ. ಬೊಗಳುವುದು ನಿಂತು ತಲೆಯೆತ್ತಿ ನೋಡಿ ಮತ್ತೆ ಮಲಗುವ ಹಂತಕ್ಕೆ ಬರುತ್ತವೆ.

ಎದುರಿಗೆ ಬಂದಾಗ ನೇರ ನುಗ್ಗಬೇಡಿ, ರಸ್ತೆಯ ಆ ಬದಿಗೆ ಬಳಸಿ ಹೋಗಿ. ನಾಯಿಗಳ ನಡುವೆ ನೇರ ಎದುರಾಗುವುದೇ ಸವಾಲು, ಬಳಸಿ ಬರುವುದು ಮರ್ಯಾದೆ. ಹಗ್ಗ ಬಿಗಿಹಿಡಿದರೆ ನಿಮ್ಮ ನಾಯಿಯ ಎದೆ ಮೇಲಕ್ಕೆದ್ದು, ತಲೆ ನಿಗುರಿ, ಜಗಳಕ್ಕೆ ನಿಂತಂತೆ ಕಾಣುತ್ತದೆ, ಎದುರಿನವು ಅದನ್ನೇ ಓದಿಕೊಳ್ಳುತ್ತವೆ. ಆದ್ದರಿಂದ ಹಗ್ಗ ಗಿಡ್ಡವಾಗಿರಲಿ, ಬಿಗಿಯಾಗದಿರಲಿ. ಅವು ಓಡಿಬಂದರೆ ನೀವು ಓಡಬಾರದು, ನಾಯಿಯನ್ನು ಎತ್ತಿಕೊಳ್ಳಲೂ ಬಾರದು. ಎತ್ತಿಕೊಂಡರೆ ಅವು ಮೇಲಕ್ಕೆ ನೆಗೆಯುತ್ತವೆ, ಕಚ್ಚು ಬೀಳುವುದು ನಿಮ್ಮ ಕೈಗೆ. ನಿಮ್ಮ ನಾಯಿಯನ್ನು ಹಿಂದಕ್ಕೆ ಮಾಡಿಕೊಂಡು, ಪಕ್ಕಕ್ಕೆ ತಿರುಗಿ, ಕಣ್ಣಿಗೆ ಕಣ್ಣು ಕೊಡದೆ ನಿಲ್ಲಿ. ಜೇಬಿನಲ್ಲಿರುವ ತಿಂಡಿಯನ್ನು ಅವುಗಳ ಹಿಂದಕ್ಕೆ ಬೀಳುವಂತೆ ದೂರಕ್ಕೆ ಎಸೆಯಿರಿ. ಮಡಚುವ ಕೊಡೆ ಕೈಯಲ್ಲಿದ್ದರೆ ಮುಂದೆ ಹಿಡಿದು ಪಟ್ಟನೆ ಬಿಚ್ಚಿ, ಬಹುತೇಕ ಗುಂಪು ಅಲ್ಲೇ ನಿಲ್ಲುತ್ತದೆ. ನಿಮ್ಮ ನಾಯಿಗೆ ಕೊಡೆಯನ್ನು ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿರಬೇಕು. ಕಲ್ಲು ಹೊಡೆಯಬೇಡಿ. ಇಂದು ಹೊಡೆದ ಕಲ್ಲನ್ನು ನಾಳೆಯೂ ನೆನಪಿಟ್ಟುಕೊಳ್ಳುವ ನಾಯಿ ಅದೇ ತಿರುವಿನಲ್ಲಿ ಇರುತ್ತದೆ.

ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಆಗ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ. ಆ ಲಸಿಕೆ ವರ್ಷವರ್ಷವೂ ಬೀಳುತ್ತಿದೆ ಎಂದು ಆ ಗುರುತಿನಿಂದ ತಿಳಿಯುವುದಿಲ್ಲ. ಕಚ್ಚಿದರೆ, ಹಲ್ಲು ತಗುಲಿ ಚರ್ಮ ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿ. ನಿಮ್ಮ ನಾಯಿಗೆ ಕಚ್ಚಿದ್ದರೆ, ಅದಕ್ಕೆ ಲಸಿಕೆ ಆಗಿದ್ದರೂ, ಪಶುವೈದ್ಯರಿಗೆ ತೋರಿಸಿ. ಮೇಲಿಂದ ಸಣ್ಣ ತೂತು ಕಂಡರೂ ಚರ್ಮದ ಕೆಳಗೆ ಹರಿದು ಕೀವಾಗುವುದು ನಾಯಿ ಕಚ್ಚಿದ ಗಾಯದ ಗುಣ.

ಮರಿಗಳ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಲಸಿಕೆಗಳು 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆ ಬಿದ್ದು, 16 ವಾರದ ಹೊತ್ತಿಗೆ ಮುಗಿಯುತ್ತವೆ. ಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಲಸಿಕೆ ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡುವಂತಿಲ್ಲ. ಆದರೆ ಲೋಕಕ್ಕೆ ಹೊಂದಿಕೊಳ್ಳುವ ವಯಸ್ಸು 3ರಿಂದ 14 ವಾರ, ಆ ಬಾಗಿಲು ಮುಚ್ಚಿದ ಮೇಲೆ ಹೊಸದೆಲ್ಲ ಭಯವಾಗಿಯೇ ಕಾಣುತ್ತದೆ. ಪರಿಹಾರ ಸುಲಭ: ಎತ್ತಿಕೊಂಡು ಹೋಗಿ. ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿಕೊಂಡು ದಿನಕ್ಕೆ ಹತ್ತು ನಿಮಿಷ ರಸ್ತೆ ಬದಿಯಲ್ಲಿ ನಿಲ್ಲಿ. ಆಟೋ, ಬಿಎಂಟಿಸಿ ಬಸ್ಸು, ಕಸದ ಗಾಡಿಯ ಹಾಡು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಸೊಪ್ಪು ಮಾರುವವರ ಕೂಗು. ಪ್ರತಿಯೊಂದಕ್ಕೂ ಒಂದು ಚೂರು ತಿಂಡಿ. ಮರಿ ನಡುಗಿದರೆ, ತಿಂಡಿ ಮೂಸದಿದ್ದರೆ, ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ. ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ.

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಏಳೂವರೆಯೊಳಗೆ, ಸಂಜೆ ಏಳರ ನಂತರ ಹೊರಡಿ. ಡಾಂಬರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ಏಳು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಚಪ್ಪಟೆ ಮೂತಿಯ ಪಗ್, ಫ್ರೆಂಚ್ ಬುಲ್‌ಡಾಗ್‌ಗಳಿಗೆ, ದಪ್ಪ ತುಪ್ಪಳದ ಹಸ್ಕಿಗೆ ಬಿಸಿಲು ಪ್ರಾಣಾಪಾಯ. ಏದುಸಿರು ನಿಲ್ಲದೆ, ಒಸಡು ಗಾಢ ಕೆಂಪಾಗಿ, ತೂರಾಡತೊಡಗಿದರೆ ನೆರಳಿಗೆ ತಂದು ನಲ್ಲಿಯ ನೀರನ್ನು ಮೈತುಂಬಾ ಸುರಿದು ಗಾಳಿ ಹಾಕುತ್ತಲೇ ವೈದ್ಯರ ಬಳಿ ಓಡಬೇಕು. ದೀಪಾವಳಿಯ ಮೂರು ದಿನವಂತೂ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿದಿರಲಿ. ಪಟಾಕಿಗೆ ಬೆದರಿ ಹಗ್ಗ ಕಿತ್ತು ಓಡಿದ ನಾಯಿ ಎಷ್ಟೋ ಕಿಲೋಮೀಟರ್ ದೂರ ಹೋಗಿಬಿಡುತ್ತದೆ, ಬೆಲ್ಟ್‌ನಲ್ಲಿ ಫೋನ್ ನಂಬರ್ ಇರಲೇಬೇಕು. ಮಳೆಯಲ್ಲಿ ಕರೆಂಟಿನ ಕಂಬ, ಟ್ರಾನ್ಸ್‌ಫಾರ್ಮರ್ ಹತ್ತಿರ ಬಿಡಬೇಡಿ. ನಿಂತ ನೀರು ಕುಡಿಯಲು ಬಿಡಬೇಡಿ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಬರುವುದು ಹಾಗೆ, ಅದಕ್ಕೆ ವರ್ಷಕ್ಕೊಮ್ಮೆ ಲಸಿಕೆ ಇದೆ.

ಮಲ ಎತ್ತುವುದರಲ್ಲಿ ರಿಯಾಯಿತಿ ಇಲ್ಲ. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳ ಪ್ರವೇಶವನ್ನೇ ನಿಲ್ಲಿಸುವ ಮಾತು ಎದ್ದದ್ದು ಎರಡು ದೂರಿನಿಂದ: ಹಗ್ಗವಿಲ್ಲದೆ ಬಿಡುತ್ತಾರೆ, ಗಲೀಜು ಎತ್ತುವುದಿಲ್ಲ. ಈ ಊರಿನಲ್ಲಿ ನಾಯಿಗೆ ಉಳಿದಿರುವ ಹಸಿರು ಜಾಗವೇ ಕಡಿಮೆ, ಅದನ್ನು ಕಳೆದುಕೊಳ್ಳುವುದು ನಮ್ಮ ಕೈಯಿಂದ ಆಗಬಾರದು. ನಾಯಿ ಸುತ್ತು ಹಾಕಿ ಬಾಗಿದಾಗಲೇ ಅರ್ಧ ಹಾಳೆ ಪೇಪರನ್ನು ಕೆಳಗೆ ಸರಿಸಿದರೆ ನೆಲಕ್ಕೆ ಬೀಳುವುದೇ ಇಲ್ಲ. ಮನೆಗೆ ತಂದು ಕಮೋಡ್‌ಗೆ ಹಾಕಿ, ಪೇಪರ್ ಬೇರೆ. ಎತ್ತುವಾಗ ಒಮ್ಮೆ ನೋಡಿ: ಲೋಳೆ, ರಕ್ತ, ಅಕ್ಕಿಕಾಳಿನಂಥ ಹುಳುವಿನ ತುಂಡು ಮೊದಲು ಕಾಣುವುದು ಅಲ್ಲೇ.

ಮನೆಗೆ ಬಂದ ಮೇಲೆ ಐದು ನಿಮಿಷದ ಕೆಲಸ ಬಾಕಿ ಇರುತ್ತದೆ. ಪಾದ ಒರೆಸಿ, ಬೆರಳ ಸಂದು ಒಣಗಿಸಿ, ಉಣ್ಣೆ (ಟಿಕ್) ಹುಡುಕಿ. ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಬೆರಳುಗಳ ನಡುವೆ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನ ಎಳೆಯಿರಿ. ಬೆರಳಿನಲ್ಲಿ ಹಿಸುಕಬೇಡಿ, ಎಣ್ಣೆ ಸುರಿಯಬೇಡಿ, ಬೆಂಕಿ ತೋರಿಸಬೇಡಿ. ನಮ್ಮಲ್ಲಿ ಕಾಣುವ ಕಂದು ಉಣ್ಣೆ ರಕ್ತ ಕುಡಿದ ಮೇಲೆ ಕೆಳಗುದುರಿ ಗೋಡೆಯ ಬಿರುಕು, ಸ್ಕರ್ಟಿಂಗ್ ಸಂದು, ನಾಯಿಯ ಹಾಸಿಗೆಯ ಹೊಲಿಗೆಯಲ್ಲಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ನಾಯಿಗೆ ಮಾತ್ರ ಔಷಧಿ ಹಾಕಿದವರ ಮನೆಯಲ್ಲಿ ಮೂರು ವಾರಕ್ಕೆ ಮತ್ತೆ ಉಣ್ಣೆ. ಹಾಸಿಗೆ ಬಿಸಿನೀರಿನಲ್ಲಿ ಒಗೆಯಬೇಕು, ಬಿರುಕು ಮುಚ್ಚಬೇಕು, ನಾಯಿಗೆ ತಿಂಗಳಿಗೊಮ್ಮೆಯದೋ ಮೂರು ತಿಂಗಳದೋ ಮಾತ್ರೆಯನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ಬೆನ್ನಿಗೆ ಹಾಕುವ ಹನಿಯಾದರೆ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಇರುವ ಔಷಧಿ ತರಲೇಬೇಡಿ, ಬೆಕ್ಕಿಗೆ ಅದು ವಿಷ. ಎಂದೂ ವಾಕಿಂಗ್ ಬಿಡದ ನಾಯಿ ಬಾಗಿಲ ಬಳಿ ಏಳದೆ ಮಲಗಿದರೆ, ಊಟ ಬಿಟ್ಟರೆ, ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ನಲ್ಲಿ ಪ್ಲೇಟ್‌ಲೆಟ್ ಬೇಗ ಇಳಿಯುತ್ತದೆ, ಬೇಗ ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಜ್ವರ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ವಯಸ್ಸಾದ ನಾಯಿಗೂ ವಾಕಿಂಗ್ ನಿಲ್ಲಿಸಬೇಡಿ, ಹಂಚಿಕೊಡಿ. ಒಂದು ದೊಡ್ಡ ಸುತ್ತಿನ ಬದಲು ಹತ್ತು ಹತ್ತು ನಿಮಿಷದ ಮೂರು. ಮಂಡಿ ನೋವಿದ್ದರೆ ಮೆಟ್ಟಿಲು ಬಿಟ್ಟು ಲಿಫ್ಟ್, ಹೊಟ್ಟೆಯ ಕೆಳಗೆ ಹಿಡಿಕೆ ಇರುವ ಹಾರ್ನೆಸ್. ನಡಿಗೆ ಕಡಿಮೆಯಾದಾಗ ಉಗುರು ಸವೆಯುವುದೂ ಕಡಿಮೆ, ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ. ಟೈಲ್ಸ್ ಮೇಲೆ ಟಕ್ ಟಕ್ ಕೇಳಿದರೆ ಉದ್ದವಾಗಿದೆ ಎಂದೇ. ಕಣ್ಣು ಮಬ್ಬಾಗಿ, ಕಿವಿ ಮಂದವಾದ ಮೇಲೂ ಮೂಗು ಬಹಳ ಕಾಲ ಕೆಲಸ ಮಾಡುತ್ತದೆ. ಆದ್ದರಿಂದ ಅದಕ್ಕೆ ದೂರ ಬೇಕಿಲ್ಲ, ಗೇಟಿನಿಂದ ಎರಡನೇ ಮರದವರೆಗೆ ಹೋಗಿ ಅಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಿ.